ಹಿತ್ತಲಲ್ಲೊಂದು ಹಳೆಯ ಸಮಾಧಿ ನೆಲ: ಅಮೆರಿಕದ ವಸಾಹತು ಕಾಲದ ಕುಟುಂಬ ಗೋರಿಗಳನ್ನು ಅರಿಯುವುದು ಹೇಗೆ?

ವರ್ಜೀನಿಯಾದಲ್ಲೋ ಬಾಸ್ಟನ್ ಸುತ್ತಲಿನ ಊರುಗಳಲ್ಲೋ ಮನೆ ಹುಡುಕುವ ಕನ್ನಡಿಗರಿಗೆ ಒಮ್ಮೊಮ್ಮೆ ಸರ್ವೆ ನಕ್ಷೆಯ ಮೂಲೆಯಲ್ಲಿ ಪುಟ್ಟದೊಂದು ಚೌಕ ಕಾಣಿಸುತ್ತದೆ. ಪಕ್ಕದಲ್ಲಿ ‘ಫ್ಯಾಮಿಲಿ ಸೆಮೆಟರಿ’ ಎಂದು ಬರೆದಿರುತ್ತದೆ. ಜಾಗಕ್ಕೆ ಹೋಗಿ ನೋಡಿದರೆ ಮೊಣಕಾಲೆತ್ತರದ ಕಲ್ಲುಗೋಡೆ, ಒಳಗೆ ವಾಲಿಕೊಂಡ ನಾಲ್ಕೈದು ಕಲ್ಲು, ನೆಲದ ತುಂಬ ಹಬ್ಬಿದ ಬಳ್ಳಿ. ಈ ಜಾಗ ಯಾರದ್ದು? ಅಲ್ಲಿಗೆ ಬೇರೆಯವರು ಬರಬಹುದೇ? ಪಕ್ಕದಲ್ಲಿ ಶೆಡ್ ಕಟ್ಟಬಹುದೇ? ಕಲ್ಲು ತೊಳೆಯಬಹುದೇ? ವಾಸ್ತು, ಮೈಲಿಗೆಯ ಲೆಕ್ಕ ಅವರವರ ಮನೆಗೆ ಬಿಟ್ಟದ್ದು, ಈ ಲೇಖನ ಅತ್ತ ಹೋಗುವುದಿಲ್ಲ. ಉಳಿದ ಪ್ರಶ್ನೆಗಳಿಗೆ ಉತ್ತರವಿದೆ.

ವಸಾಹತು ಕಾಲ ಎಂದರೆ ನಮಗೆ ನೆನಪಾಗುವುದು ಬ್ರಿಟಿಷರ ಆಳ್ವಿಕೆ. ಅಮೆರಿಕದ ಮಟ್ಟಿಗೆ ಅದು ಇಂಗ್ಲೆಂಡಿನಿಂದ ಬಂದವರು 1607ರಲ್ಲಿ ಜೇಮ್ಸ್‌ಟೌನ್‌ನಲ್ಲಿ ನೆಲೆಯೂರಿದಲ್ಲಿಂದ 1776ರ ಸ್ವಾತಂತ್ರ್ಯ ಘೋಷಣೆಯವರೆಗಿನ ಅವಧಿ. ಹೀಗೆ ಬಂದವರು ಅಲ್ಲೇ ಬೇಸಾಯ ಮಾಡಿದರು, ಅಲ್ಲೇ ಸತ್ತರು. ಹೊಲದಲ್ಲೇ ಹೂಳಿಸಿಕೊಂಡರು.

ಚರ್ಚ್ ಬಿಟ್ಟು ಹೊಲದಲ್ಲೇಕೆ?

ಇಂಗ್ಲೆಂಡಿನಲ್ಲಿ ಸತ್ತವರನ್ನು ಹೂಳುತ್ತಿದ್ದದ್ದು ಚರ್ಚಿನ ಅಂಗಳದಲ್ಲಿ. ವರ್ಜೀನಿಯಾದಲ್ಲಿ ಅದು ನಡೆಯಲಿಲ್ಲ. ಹೊಗೆಸೊಪ್ಪಿನ ತೋಟಗಳು ನದಿಗಳ ಉದ್ದಕ್ಕೂ ಚದುರಿದ್ದವು. ಒಂದೊಂದು ಚರ್ಚಿನ ವ್ಯಾಪ್ತಿ ಹತ್ತಾರು ಮೈಲಿ. ಬೇಸಿಗೆಯ ಸೆಕೆಯಲ್ಲಿ ಹೆಣವನ್ನು ಅಷ್ಟು ದೂರ ಗಾಡಿಯಲ್ಲೋ ದೋಣಿಯಲ್ಲೋ ಸಾಗಿಸುವುದು ಆಗದ ಮಾತು. ಹಾಗಾಗಿ ಮನೆಯ ಹೂದೋಟದಲ್ಲೋ ಹಣ್ಣಿನ ತೋಟದಲ್ಲೋ ಒಂದು ಜಾಗಕ್ಕೆ ಬೇಲಿ ಹಾಕಿ, ನಿತ್ಯಹಸಿರು ಗಿಡ ನೆಟ್ಟು, ಮನೆಮಂದಿಯನ್ನೆಲ್ಲ ಅಲ್ಲೇ ಹೂಳುವ ರೂಢಿ ಬಂತು. 1724ರ ಹೊತ್ತಿಗೆ ಅಲ್ಲಿನ ಒಬ್ಬ ಪಾದ್ರಿ ಇದನ್ನು ಸೀಮೆಯ ಸಾಮಾನ್ಯ ಪದ್ಧತಿ ಎಂದೇ ದಾಖಲಿಸಿದ್ದಾರೆ.

ಉತ್ತರದ ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಬಾಸ್ಟನ್ ಸುತ್ತಲಿನ ರಾಜ್ಯಗಳಲ್ಲಿ, ಕಾರಣ ಬೇರೆ. ಅಲ್ಲಿನ ಪ್ಯೂರಿಟನ್ ಪಂಥದವರಿಗೆ ಹೂಳುವುದು ಚರ್ಚಿನ ಸಂಸ್ಕಾರವಾಗಿರಲಿಲ್ಲ, ಊರಿನ ಕೆಲಸವಾಗಿತ್ತು. ಊರೇ ಒಂದು ಸಮಾಧಿ ನೆಲ ಕೊಡುತ್ತಿತ್ತು, ದೂರದ ಹೊಲಗಳವರು ತಮ್ಮದನ್ನು ತಾವೇ ಮಾಡಿಕೊಳ್ಳುತ್ತಿದ್ದರು. ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯದಲ್ಲಿ ಇಂಥವು ಅದೆಷ್ಟಿವೆಯೆಂದರೆ ಪ್ರತಿ ಐತಿಹಾಸಿಕ ಸಮಾಧಿ ನೆಲಕ್ಕೂ ಸರ್ಕಾರ ನಂಬರು ಕೊಟ್ಟಿದೆ. ಪಟ್ಟಿಯಲ್ಲಿ 3,000ಕ್ಕೂ ಹೆಚ್ಚಿವೆ, ಬಹುಪಾಲು ಹೊಲದ ಮೂಲೆಯ ಕುಟುಂಬ ಗೋರಿಗಳೇ.

ಉಳುಮೆಗೆ ಬಾರದ, ನೀರು ನಿಲ್ಲದ ದಿಬ್ಬವನ್ನೇ ಸಾಮಾನ್ಯವಾಗಿ ಇದಕ್ಕೆ ಆರಿಸುತ್ತಿದ್ದರು. ನಿಮ್ಮ ಜಾಗದಲ್ಲಿ ಗೋರಿ ಇದೆ ಎಂಬ ಸುದ್ದಿ ಮಾತ್ರ ಸಿಕ್ಕಿ, ಎಲ್ಲಿ ಅನ್ನುವುದು ಗೊತ್ತಿಲ್ಲದಿದ್ದರೆ, ಹಳೆಯ ಮನೆಯ ಪಾಯದಿಂದ ಕಣ್ಣಳತೆಯಲ್ಲಿರುವ ದಿಬ್ಬವನ್ನು ಮೊದಲು ನೋಡಿ.

ಎಂಬತ್ತು ಅಡಿ ಚೌಕ

ಇಂಥ ನೆಲ ಹುಟ್ಟಿದ್ದು, ಕೈಬದಲಾದದ್ದು ಎಲ್ಲ ದಾಖಲೆಯಲ್ಲಿ ಸಿಗುವ ಒಂದು ಉದಾಹರಣೆಯಿದೆ. ಅದು ವರ್ಜೀನಿಯಾದ ಮಾಂಟಿಚೆಲೊ, ಮುಂದೆ ಅಮೆರಿಕದ ಮೂರನೇ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಅವರ ತೋಟದಮನೆ. 1773ರ ಮೇ ತಿಂಗಳಲ್ಲಿ ಅವರ ಗೆಳೆಯ, ತಂಗಿಯ ಗಂಡ ಡ್ಯಾಬ್ನಿ ಕಾರ್ ತೀರಿಕೊಂಡರು. ಯಾರು ಮೊದಲು ಸತ್ತರೂ ಬೆಟ್ಟದ ಮೇಲಿನ ಒಂದು ಓಕ್ ಮರದ ಕೆಳಗೆ ಹೂಳಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. ಜಾಗ ಹಸನು ಮಾಡಿದ ಲೆಕ್ಕ ಜೆಫರ್ಸನ್ನರ ಟಿಪ್ಪಣಿ ಪುಸ್ತಕದಲ್ಲಿದೆ: 80 ಅಡಿ ಚೌಕದ ಸಮಾಧಿ ನೆಲವನ್ನು, ಅಂದರೆ ಎಕರೆಯ ಏಳನೇ ಒಂದು ಭಾಗವನ್ನು, ಇಬ್ಬರು ಆಳುಗಳು ಮೂರೂವರೆ ಗಂಟೆಯಲ್ಲಿ ಕಡಿದು ಸ್ವಚ್ಛ ಮಾಡಿದರು. ಒಬ್ಬನಿಗಾದರೆ ಏಳು ಗಂಟೆ ಬೇಕಿತ್ತು, ಒಂದು ಎಕರೆಗೆ 49 ಗಂಟೆ ಎಂದು ಅಲ್ಲೇ ಗುಣಿಸಿಯೂ ಇಟ್ಟಿದ್ದಾರೆ. ಗೆಳೆಯನ ಗೋರಿಯ ಹೊತ್ತಿನಲ್ಲೂ ಕೂಲಿಯ ಲೆಕ್ಕ ಬಿಡದ ಮನುಷ್ಯ. ನಮ್ಮ ಅಳತೆಯಲ್ಲಿ ಅದು ಹತ್ತಿರ ಹತ್ತಿರ ಆರು ಗುಂಟೆ.

ಜೆಫರ್ಸನ್ 1826ರ ಜುಲೈ 4ರಂದು ತೀರಿಕೊಂಡಾಗ ಮೈತುಂಬ ಸಾಲ. ತೋಟ, ಮನೆ 1831ರಲ್ಲಿ ಮಾರಿಹೋದವು. ಸಮಾಧಿ ನೆಲ ಮಾತ್ರ ವಂಶಸ್ಥರ ಕೈಯಲ್ಲೇ ಉಳಿಯಿತು. ಇಂದು ಮನೆಯನ್ನು ನೋಡಿಕೊಳ್ಳುವುದು 1923ರಲ್ಲಿ ಆದ ಒಂದು ಪ್ರತಿಷ್ಠಾನ. ಅದರ ಆವರಣದ ನಡುವೆಯೇ ಇರುವ ಸಮಾಧಿ ನೆಲದ ಒಡೆತನ 1913ರಲ್ಲಿ ಆದ ವಂಶಸ್ಥರ ಸಂಘದ್ದು. ಒಂದೇ ಬೆಟ್ಟ, ಇಬ್ಬರು ಮಾಲೀಕರು.

ನೆಲ ನಿಮ್ಮದು, ಹಕ್ಕು ನಿಮ್ಮೊಬ್ಬರದ್ದಲ್ಲ

ಮಾಂಟಿಚೆಲೊದಂತೆ ಎಲ್ಲ ಕಡೆಯೂ ಒಡೆತನ ಸ್ಪಷ್ಟವಾಗಿ ಬೇರೆಯಾಗಿರುವುದಿಲ್ಲ. ಸಾಮಾನ್ಯವಾಗಿ ಎರಡು ಬಗೆ. ಹಳೆಯ ಕ್ರಯಪತ್ರದಲ್ಲಿ ‘ಇಷ್ಟು ಅಡಿ ಚೌಕದ ಸಮಾಧಿ ನೆಲವನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ಬಿಟ್ಟು’ ಎಂಬ ಸಾಲಿದ್ದರೆ ಆ ತುಂಡು ನಿಮಗೆ ಮಾರಾಟವೇ ಆಗಿಲ್ಲ. ಅಂಥ ಸಾಲಿಲ್ಲದಿದ್ದರೆ ನೆಲ ನಿಮ್ಮ ಹೆಸರಿಗೆ ಬರುತ್ತದೆ, ಆದರೆ ಅಲ್ಲಿ ಮಲಗಿರುವವರ ವಂಶಸ್ಥರ ಹಕ್ಕನ್ನು ಹೊತ್ತುಕೊಂಡೇ ಬರುತ್ತದೆ. ಅವರು ಬರಬಹುದು, ಕಲ್ಲು ನೋಡಬಹುದು, ಕಸ ತೆಗೆಯಬಹುದು. ನಡುವೆ ಎಷ್ಟು ಕೈ ಬದಲಾಗಿದ್ದರೂ ಈ ಹಕ್ಕು ಅಳಿಯುವುದಿಲ್ಲ.

ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವರ್ಜೀನಿಯಾ ಸಂಹಿತೆಯ 57-27.1ನೇ ಕಲಮಿನ ಪ್ರಕಾರ ಖಾಸಗಿ ಜಮೀನಿನ ಮಾಲೀಕರು ವಂಶಸ್ಥರಿಗೂ ವಂಶಾವಳಿ ಸಂಶೋಧಕರಿಗೂ ಗೋರಿಗೆ ಹೋಗಿಬರಲು ಅವಕಾಶ ಕೊಡಲೇಬೇಕು. ಬರುವವರು ಮೊದಲೇ ತಿಳಿಸಬೇಕು. ಯಾವ ಹೊತ್ತು, ಎಷ್ಟು ಸಲ ಎಂಬುದನ್ನು ಮಾಲೀಕರು ಸಮಂಜಸವಾಗಿ ಗೊತ್ತುಮಾಡಬಹುದು. ರೂಢಿಯ ದಾರಿ ಎದ್ದು ಕಾಣದಿದ್ದರೆ ಯಾವ ಕಡೆಯಿಂದ ಬರಬೇಕೆಂದೂ ಹೇಳಬಹುದು. ರಸ್ತೆಯೇ ಇಲ್ಲದ ಕಡೆ ಕಾರು ನುಗ್ಗಿಸುವ ಹಕ್ಕು ಬರುವವರಿಗಿಲ್ಲ. ಬಂದವರು ಎಡವಿ ಬಿದ್ದರೆ ಹೊಣೆ ಯಾರದು ಎಂಬ ಭಯಕ್ಕೂ ಅದೇ ಕಲಮಿನಲ್ಲಿ ಉತ್ತರವಿದೆ: ತೀವ್ರ ನಿರ್ಲಕ್ಷ್ಯವೋ ಬೇಕೆಂದೇ ಮಾಡಿದ ಕೇಡೋ ಇಲ್ಲದಿದ್ದರೆ ಮಾಲೀಕರಿಗೆ ರಕ್ಷಣೆಯಿದೆ.

ಮ್ಯಾಸಚೂಸೆಟ್ಸ್‌ನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಸಮಾಧಿ ನೆಲವಾಗಿದ್ದ ಜಾಗವನ್ನು ಊರಾಡಳಿತ ಬೇರೆ ಕೆಲಸಕ್ಕೆ ಕೊಡುವಂತಿಲ್ಲ. ರೋಡ್ ಐಲೆಂಡ್‌ನಲ್ಲಿ ಐತಿಹಾಸಿಕ ಸಮಾಧಿ ನೆಲದಿಂದ 25 ಅಡಿಯೊಳಗೆ ಅಗೆಯುವುದನ್ನೂ ಕಟ್ಟುವುದನ್ನೂ ಊರಾಡಳಿತ ತಡೆಯಬಹುದು. ಗೋರಿಗಳನ್ನು ಸ್ಥಳಾಂತರಿಸಲು ದಾರಿಯಿದೆ, ಆದರೆ ಅದು ಕೋರ್ಟು, ಪರವಾನಗಿ, ಪುರಾತತ್ವಜ್ಞರು, ವಂಶಸ್ಥರಿಗೆ ನೋಟಿಸು ಎಂದು ಉದ್ದಕ್ಕೆ ಹೋಗುವ ದುಬಾರಿ ದಾರಿ. ಹೇಳದೆ ಕೇಳದೆ ಕಲ್ಲು ಕಿತ್ತರೆ, ಗುಂಡಿ ತೋಡಿದರೆ ಕ್ರಿಮಿನಲ್ ಕೇಸು.

ಕೊಳ್ಳುವ ಮುಂಚೆ ವಕೀಲರನ್ನೂ ಸರ್ವೆಯವರನ್ನೂ ಕೇಳಬೇಕಾದದ್ದು ಮೂರು. ಕ್ರಯಪತ್ರಗಳ ಸರಣಿಯಲ್ಲಿ ಎಲ್ಲಾದರೂ ಸಮಾಧಿ ನೆಲವನ್ನು ಹೊರಗಿಟ್ಟಿದ್ದಾರೆಯೇ? ಸುತ್ತ ಎಷ್ಟು ಅಡಿ ಬಿಡಬೇಕೆಂದು ಕೌಂಟಿಯ ನಿಯಮವಿದೆ? ನಕ್ಷೆಯ ಮೇಲಿನ ಚೌಕವನ್ನು ಯಾರಾದರೂ ಪರೀಕ್ಷಿಸಿ ಗುರುತಿಸಿದ್ದೇ, ಅಥವಾ ಕಂಡ ಬೇಲಿಗೆ ಗೆರೆ ಎಳೆದದ್ದೇ? ಹೆಚ್ಚಿನವರು ಕೇಳದೆ ಬಿಡುವುದು ಈ ಮೂರನೆಯದನ್ನು.

ಕಾಣುವ ಕಲ್ಲಿಗಿಂತ ಕಾಣದ ಗೋರಿ ಹೆಚ್ಚು

ಬೇಲಿಯೊಳಗೆ ನಾಲ್ಕು ಕಲ್ಲಿದೆ ಎಂದರೆ ನಾಲ್ಕೇ ಗೋರಿ ಎಂದು ತಿಳಿಯಬಾರದು. ವರ್ಜೀನಿಯಾದ ಕರಾವಳಿ ಬಯಲಿನಲ್ಲಿ ಕೆತ್ತಲು ತಕ್ಕ ಕಲ್ಲೇ ಇರಲಿಲ್ಲ, ಉಳ್ಳವರು ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸುತ್ತಿದ್ದರು. ಉಳಿದವರು ನೆಟ್ಟ ಮರದ ಹಲಗೆಗಳು ಕೊಳೆತುಹೋದವು. ಇನ್ನೆಷ್ಟೋ ಕಡೆ ಹೊಲದಲ್ಲಿ ಸಿಕ್ಕ ಕಾಡುಗಲ್ಲನ್ನೇ ತಲೆಯ ಕಡೆಗೊಂದು, ಕಾಲಿನ ಕಡೆಗೊಂದು ನೆಟ್ಟರು. ಅಕ್ಷರವಿಲ್ಲದ ಇಂಥ ಜೋಡಿಗಲ್ಲುಗಳನ್ನು ಹುಲ್ಲು ಕತ್ತರಿಸುವವರು ಅಡ್ಡವೆಂದು ಕಿತ್ತು ಒಟ್ಟಿದರೆ ಅಲ್ಲಿಗೆ ಗುರುತು ಮುಗಿಯಿತು.

ಆ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ ಮೂಲದವರ ಗೋರಿಗಳು ಬಹುತೇಕ ಗೋಡೆಯ ಹೊರಗೆ, ಪಕ್ಕದ ಕಾಡಿನಲ್ಲಿ ಇರುತ್ತವೆ. ಹೆಸರು ಕೊರೆದ ಕಲ್ಲು ಅಪರೂಪ. ಮಾಂಟಿಚೆಲೊದಲ್ಲಿ ಅವರ ಸಮಾಧಿ ನೆಲವೊಂದು ಪುರಾತತ್ವಜ್ಞರಿಂದ ಖಚಿತವಾದದ್ದು ಈ ಶತಮಾನದ ಆರಂಭದಲ್ಲಿ, ಅದೂ ಪ್ರವಾಸಿಗರ ಕಾರು ನಿಲ್ಲಿಸುವ ಜಾಗದ ಮಗ್ಗುಲಲ್ಲಿ. ಗೋಡೆಯೊಳಗೆ ಯಾರಿಗೆ ಜಾಗ ಎಂಬ ವ್ಯಾಜ್ಯವೂ ಅಲ್ಲಿ ಇತ್ತೀಚಿನದೇ. ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳ ಸಂತತಿಗೂ ಜೆಫರ್ಸನ್ ಮನೆತನಕ್ಕೂ ರಕ್ತಸಂಬಂಧವಿದೆ ಎಂದು 1998ರ ಡಿಎನ್‌ಎ ಪರೀಕ್ಷೆ ತೋರಿಸಿತು. ಆ ಸಂತತಿಯವರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ವಂಶಸ್ಥರ ಸಂಘ 2002ರಲ್ಲಿ ಬಹುಮತದಿಂದ ನಿರಾಕರಿಸಿತು.

ಕಲ್ಲಿಲ್ಲದ ಗೋರಿಯನ್ನು ಕಣ್ಣಿನಿಂದ ಗುರುತಿಸಲು ಒಳ್ಳೆಯ ಕಾಲ ಚಳಿಗಾಲದ ಕೊನೆ, ಎಲೆ ಉದುರಿ ನೆಲ ಬರಿದಾಗಿರುವಾಗ. ಪೆಟ್ಟಿಗೆಯ ಮರ ಕೊಳೆತು ಮೇಲಿನ ಮಣ್ಣು ಕುಸಿದು ಸುಮಾರು ಆರಡಿ ಉದ್ದ, ಎರಡಡಿ ಅಗಲದ ತಗ್ಗು ಆಗಿರುತ್ತದೆ. ಮಕ್ಕಳದ್ದಾದರೆ ಚಿಕ್ಕದು. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇಟ್ಟು ಹೂಳುತ್ತಿದ್ದರಿಂದ ತಗ್ಗುಗಳೆಲ್ಲ ಪೂರ್ವ ಪಶ್ಚಿಮವಾಗಿ, ಒಂದರ ಪಕ್ಕ ಒಂದು ಸಾಲಾಗಿ ಕಾಣುತ್ತವೆ. ಒಂಟಿ ತಗ್ಗು ಕೊಳೆತ ಮರದ ಬುಡವೂ ಆಗಿರಬಹುದು, ಸಾಲು ಕಂಡರೆ ಅನುಮಾನ ಗಟ್ಟಿ. ಕಾಡಿನ ನಡುವೆ ಥಟ್ಟನೆ ಪೆರಿವಿಂಕಲ್ ಬಳ್ಳಿಯ ಹಾಸು, ಡ್ಯಾಫೊಡಿಲ್ ಹೂ, ಯುಕ್ಕಾ ಗಿಡ, ಹಳೆಯ ಸೀಡರ್ ಮರ ಕಂಡರೆ ಅವೂ ಸುಳಿವೇ. ಇವನ್ನು ಯಾರೋ ನೆಟ್ಟಿದ್ದರು.

ಕಣ್ಣಿಗೆ ದಕ್ಕದ್ದಕ್ಕೆ ನೆಲ ಭೇದಿಸುವ ರಾಡಾರ್ ಇದೆ. ಹುಲ್ಲು ಕತ್ತರಿಸುವ ಯಂತ್ರದಂತೆ ತಳ್ಳಿಕೊಂಡು ಹೋಗುವ ಪೆಟ್ಟಿಗೆ, ರೇಡಿಯೋ ಅಲೆಯನ್ನು ನೆಲಕ್ಕೆ ಕಳಿಸಿ ಮರಳಿ ಬಂದದ್ದನ್ನು ದಾಖಲಿಸುತ್ತದೆ. ಅದಕ್ಕೆ ಮೂಳೆ ಕಾಣುವುದಿಲ್ಲ. ಒಮ್ಮೆ ತೋಡಿ ಮತ್ತೆ ಮುಚ್ಚಿದ ಮಣ್ಣು ಸುತ್ತಲಿನ ಮಣ್ಣಿಗಿಂತ ಸಡಿಲವಾಗಿ, ಬೆರಕೆಯಾಗಿ ಇರುತ್ತದೆಯಲ್ಲ, ಆ ವ್ಯತ್ಯಾಸ ಮಾತ್ರ ಕಾಣುತ್ತದೆ. ಜೇಡಿಮಣ್ಣು ಅಲೆಯನ್ನು ನುಂಗಿಬಿಡುತ್ತದೆ, ಮರದ ಬೇರು ಸುಳ್ಳು ಗುರುತು ಕೊಡುತ್ತದೆ. ಆದ್ದರಿಂದ ‘ರಾಡಾರಿನಲ್ಲಿ ಏನೂ ಕಾಣಲಿಲ್ಲ’ ಎಂಬುದು ಗೋರಿ ಇಲ್ಲ ಎನ್ನಲು ಸಾಲದು. ಖಚಿತ ಬೇಕೆಂದರೆ ಪುರಾತತ್ವಜ್ಞರ ಕಣ್ಣೆದುರು ಮೇಲ್ಮಣ್ಣನ್ನಷ್ಟೇ ತೆಳುವಾಗಿ ಹೆರೆಯಬೇಕು. ಹಳೆಯ ಗುಂಡಿಯ ಆಯತ ಬೇರೆ ಬಣ್ಣದ ಕಲೆಯಾಗಿ ಎದ್ದು ಕಾಣುತ್ತದೆ, ಅಲ್ಲಿಗೇ ನಿಲ್ಲಿಸಿ ಅಳತೆ ತೆಗೆದು ಮತ್ತೆ ಮುಚ್ಚುತ್ತಾರೆ.

ಕಲ್ಲಿನ ಮೇಲೆ ಬರೆದದ್ದನ್ನು ಓದುವುದು

ನ್ಯೂ ಇಂಗ್ಲೆಂಡಿನ ಹಳೆಯ ಕಲ್ಲುಗಳಲ್ಲಿ ಮೂರು ಭಾಗ: ತಲೆಗಲ್ಲು, ಹೆಸರಿನ ಮೊದಲಕ್ಷರವಷ್ಟೇ ಇರುವ ಚಿಕ್ಕ ಕಾಲುಗಲ್ಲು, ನಡುವೆ ಗೋರಿ. ಮೇಜಿನಂತೆ ಅಥವಾ ಕಲ್ಲಿನ ಪೆಟ್ಟಿಗೆಯಂತೆ ಕಟ್ಟಿದ್ದೂ ಉಂಟು. ಆ ಪೆಟ್ಟಿಗೆಯೊಳಗೆ ಹೆಣವಿಲ್ಲ, ಅದು ಕೆಳಗೆ ಮಣ್ಣಿನಲ್ಲಿದೆ.

ತಲೆಗಲ್ಲಿನ ಮೇಲಿನ ಕಮಾನಿನ ಚಿತ್ರದಿಂದ ಕಾಲವನ್ನು ಅಂದಾಜು ಮಾಡಬಹುದು. ರೆಕ್ಕೆಯುಳ್ಳ ತಲೆಬುರುಡೆ 17ನೇ ಶತಮಾನದ ಕೊನೆಯಿಂದ 18ರ ನಡುಭಾಗದವರೆಗಿನದು, ರೆಕ್ಕೆಯುಳ್ಳ ಮಗುವಿನ ಮುಖ ಅದರ ನಂತರದ್ದು, ಕಲಶದ ಮೇಲೆ ಬಾಗಿದ ವಿಲ್ಲೋ ಮರ 18ರ ಕೊನೆಯಿಂದ ಮುಂದಿನದು. ಹಳ್ಳಿಗಾಡಿನಲ್ಲಿ ಹಳೆಯ ಮಾದರಿ ಕೆಲವು ದಶಕ ಹೆಚ್ಚು ಬಾಳಿದ್ದುಂಟು.

ತಾರೀಖಿನಲ್ಲಿ ಎಡವುವವರೇ ಹೆಚ್ಚು. 1752ರವರೆಗೆ ಬ್ರಿಟಿಷ್ ಆಳ್ವಿಕೆಯಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಕಲ್ಲಿನ ಮೇಲೆ ‘ಫೆಬ್ರವರಿ 1731’ ಎಂದಿದ್ದರೆ ಇಂದಿನ ಲೆಕ್ಕಕ್ಕೆ ಅದು 1732. ಗೊಂದಲ ಬೇಡವೆಂದು ಕೆಲವರು ‘1731/2’ ಎಂದು ಎರಡನ್ನೂ ಕೊರೆಸುತ್ತಿದ್ದರು. ಆ 1752ರಲ್ಲೇ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಎಂದು ಮಾಡಿ 11 ದಿನ ಹಾರಿಸಿದರು. ಜೆಫರ್ಸನ್ನರ ಸಮಾಧಿ ಸ್ತಂಭದ ಮೇಲೆ ಹುಟ್ಟಿದ್ದು 1743ರ ಏಪ್ರಿಲ್ 2 ಎಂದಿದೆ, ಪಕ್ಕದಲ್ಲಿ ‘ಓ.ಎಸ್.’ ಎಂಬ ಎರಡಕ್ಷರ. ಹಳೆಯ ಪಂಚಾಂಗದ ಲೆಕ್ಕ ಎಂದು ಅದರರ್ಥ. ಅವರ ಜಯಂತಿ ಈಗ ಆಚರಣೆಯಾಗುವುದು ಏಪ್ರಿಲ್ 13ಕ್ಕೆ.

ವಯಸ್ಸಿನ ಸಾಲೂ ಹಾಗೆಯೇ. ‘ತನ್ನ ವಯಸ್ಸಿನ 44ನೇ ವರ್ಷದಲ್ಲಿ’ ಎಂದಿದ್ದರೆ 44 ತುಂಬಿತ್ತು ಎಂದಲ್ಲ. ನಮ್ಮಲ್ಲಿ ‘ನಲವತ್ತನಾಲ್ಕು ನಡೀತಿದೆ’ ಅನ್ನುತ್ತಾರಲ್ಲ, ಅದೇ. ತುಂಬಿದ್ದು 43. ಹೆಂಗಸರ ಕಲ್ಲಿನಲ್ಲಿ ‘ಕಾನ್ಸಾರ್ಟ್’ ಎಂದಿದ್ದರೆ ಗಂಡ ಬದುಕಿದ್ದಾಗ ತೀರಿಕೊಂಡವರು, ‘ರೆಲಿಕ್ಟ್’ ಎಂದಿದ್ದರೆ ಗಂಡನ ನಂತರ ಹೋದವರು. ವಂಶಾವಳಿ ಹುಡುಕುವವರಿಗೆ ಇದೊಂದೇ ಪದದಿಂದ ಇಬ್ಬರ ಸಾವಿನ ಹಿಂದುಮುಂದು ತಿಳಿಯುತ್ತದೆ.

ಅಕ್ಷರ ಸವೆದಿದ್ದರೆ ಹಿಟ್ಟು, ಸೀಮೆಸುಣ್ಣ, ಶೇವಿಂಗ್ ಕ್ರೀಮ್ ಬಳಿದು ಓದುವ ಹಳೆಯ ಚಾಳಿ ಬೇಡ. ಹಿಟ್ಟು ಬೂಷ್ಟು ಸಾಕುತ್ತದೆ, ಕ್ರೀಮಿನ ರಾಸಾಯನಿಕ ಕಲ್ಲಿನ ರಂಧ್ರಗಳಲ್ಲಿ ಉಳಿಯುತ್ತದೆ. ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯುವುದೂ ಸಡಿಲ ಕಲ್ಲಿಗೆ ಅಪಾಯ, ನ್ಯೂ ಹ್ಯಾಂಪ್‌ಶೈರ್‌ನಲ್ಲಂತೂ ಅದಕ್ಕೆ ಲಿಖಿತ ಅನುಮತಿ ಬೇಕು. ಒಂದು ಉದ್ದ ಕನ್ನಡಿ ಸಾಕು. ಬಿಸಿಲನ್ನು ಕಲ್ಲಿನ ಮೇಲೆ ಪಕ್ಕದಿಂದ ಸವರಿಕೊಂಡು ಹೋಗುವಂತೆ ಬೀಳಿಸಿದರೆ ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಆಗ ಫೋಟೋ ತೆಗೆದುಕೊಳ್ಳಿ.

ತೊಳೆಯುವುದಾದರೆ

ಕಲ್ಲು ಯಾವುದೆಂದು ಮೊದಲು ತಿಳಿಯಬೇಕು. ಸ್ಲೇಟು, ಅಂದರೆ ಹಿಂದೆ ಮಕ್ಕಳು ಬರೆಯುತ್ತಿದ್ದ ಪಾಟಿಯ ಕಲ್ಲು, ಒತ್ತಾದದ್ದು. 1700ರ ಆಸುಪಾಸಿನ ಅಕ್ಷರ ಇಂದೂ ಚೂಪಾಗಿರುವುದು ಇದರಲ್ಲೇ. ಅದರ ಶತ್ರು ಪದರಗಳ ನಡುವೆ ಇಳಿದು ಹೆಪ್ಪುಗಟ್ಟುವ ನೀರು. ಕಂದು ಮರಳುಗಲ್ಲು ಹಪ್ಪಳದಂತೆ ಸುಲಿಯುತ್ತದೆ. ಆಮೇಲೆ ಬಂದ ಅಮೃತಶಿಲೆ ನೋಡಲು ಗಟ್ಟಿ, ಆದರೆ ಮಳೆನೀರಿನ ಆಮ್ಲ ಅದರ ಮೈಯನ್ನು ಕರಗಿಸಿ ಜಿಪ್ಸಮ್ ಮಾಡುತ್ತದೆ. ಬೆರಳಾಡಿಸಿದರೆ ಸಕ್ಕರೆಯಂತೆ ಪುಡಿ ಅಂಟಿದರೆ ಆ ಕಲ್ಲನ್ನು ಉಜ್ಜಲೇಬಾರದು. ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಅದನ್ನೂ ಮುಟ್ಟಬಾರದು.

ಗಟ್ಟಿಯಿದ್ದರೆ ಬೇಕಾದದ್ದು ಬಕೆಟ್ಟುಗಟ್ಟಲೆ ಬರೀ ನೀರು, ಮೆತ್ತನೆಯ ನೈಲಾನ್ ಬ್ರಷ್, ಮರದ ಚಪ್ಪಟೆ ಕಡ್ಡಿ. ಕಲ್ಲನ್ನು ಮೊದಲು ಪೂರ್ತಿ ನೆನೆಸಿ. ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ ಹೋಗಿ; ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲಿಳಿದು ಗೆರೆ ಗೆರೆಯಾಗಿ ಕಲೆ ಕೂರುತ್ತದೆ. ಕಲ್ಲುಹೂವನ್ನು, ಅಂದರೆ ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದನ್ನು, ಚೆನ್ನಾಗಿ ನೆನೆದು ಉಬ್ಬಿದ ಮೇಲೆ ಮರದ ಕಡ್ಡಿಯಿಂದ ಎಬ್ಬಿಸಿ. ಒಣಗಿದ್ದಾಗ ಕೆರೆದರೆ ಅದು ಕಲ್ಲಿನ ಕಣವನ್ನೂ ಕಿತ್ತುಕೊಂಡೇ ಬರುತ್ತದೆ. ನೀರಿಗೆ ಬಗ್ಗದ ಪಾಚಿಗೆ ಡಿ/2 ಎಂಬ ದ್ರಾವಣವನ್ನು ಸಂರಕ್ಷಣೆಯವರು ಬಳಸುತ್ತಾರೆ. ಸಿಂಪಡಿಸಿ 10ರಿಂದ 15 ನಿಮಿಷ ಬಿಟ್ಟು, ಉಜ್ಜಿ, ತೊಳೆಯುವುದು. ಕಲ್ಲು ಅಂದೇ ಬೆಳ್ಳಗಾಗುವುದಿಲ್ಲ, ವಾರಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಅವಸರದಲ್ಲಿ ಬ್ಲೀಚ್ ಸುರಿದರೆ ಅದರ ಉಪ್ಪು ರಂಧ್ರಗಳಲ್ಲಿ ಹರಳುಗಟ್ಟಿ ಮೈಯನ್ನು ಒಳಗಿನಿಂದ ಒಡೆಯುತ್ತದೆ. ತಂತಿ ಬ್ರಷ್, ಪ್ರೆಷರ್ ವಾಷರ್, ಬಾತ್‌ರೂಮಿನ ಆಸಿಡ್ ಯಾವುದೂ ಕೂಡದು. ರಾತ್ರಿ ಹಿಮ ಬೀಳುವ ಸೂಚನೆಯಿದ್ದರೆ ಅಂದು ತೊಳೆಯುವುದೇ ಬೇಡ.

ಇಷ್ಟೆಲ್ಲ ಹೇಳಿದರೂ, ಗೋರಿಕಲ್ಲಿಗೆ ಇಂದು ಹೆಚ್ಚು ಪೆಟ್ಟು ಬೀಳುವುದು ಹುಲ್ಲು ಕತ್ತರಿಸುವ ದಾರದ ಯಂತ್ರದಿಂದ. ಬುಡದಲ್ಲಿ ಸುತ್ತ ಬಿಳಿ ಗೀರು ಕಂಡರೆ ಅದರ ಗುರುತು. ಕಲ್ಲಿನ ಸುತ್ತ ಒಂದು ಗೇಣು ಬಿಟ್ಟು ಯಂತ್ರ ನಿಲ್ಲಿಸಿ, ಉಳಿದದ್ದನ್ನು ಕತ್ತರಿಯಿಂದ ತೆಗೆಯಬೇಕು. ಗೊಬ್ಬರ, ಕಳೆನಾಶಕ ಹಾಕಬಾರದು, ಅವುಗಳಲ್ಲೂ ಉಪ್ಪಿದೆ. ಬೇಡದ ಗಿಡಮರವನ್ನು ನೆಲಮಟ್ಟಕ್ಕೆ ಕಡಿಯಬೇಕೇ ಹೊರತು ಬೇರು ಸಮೇತ ಕೀಳಬಾರದು. ಬೇರು ಹೊಕ್ಕಿರುವುದು ಗೋರಿಯೊಳಕ್ಕೆ.

ವಾಲಿದ್ದು, ಬಿದ್ದದ್ದು

ನಾಲ್ಕಡಿ ಎತ್ತರ, ಎರಡಡಿ ಅಗಲ, ಎರಡಿಂಚು ದಪ್ಪದ ಅಮೃತಶಿಲೆಯ ಹಲಗೆ 225 ಪೌಂಡ್, ಅಂದರೆ ನೂರು ಕಿಲೋ ತೂಗುತ್ತದೆ. ಒಬ್ಬರೇ ಎತ್ತಹೋಗಿ ಕೈಬೆರಳು ಜಜ್ಜಿಕೊಳ್ಳುವುದು, ಕಲ್ಲನ್ನೂ ಎರಡು ತುಂಡು ಮಾಡುವುದು ಸಾಮಾನ್ಯ. ತುಸು ವಾಲಿದ್ದರೆ ಬಿಟ್ಟುಬಿಡಿ. ಬೀಳುವಂತಿದ್ದರೆ ಅನುಭವಿಗಳು ಕಲ್ಲನ್ನು ಹೊರತೆಗೆದು, ಗುಂಡಿಯ ತಳಕ್ಕೆ ಜಲ್ಲಿ ಹಾಕಿ, ನೇರ ನಿಲ್ಲಿಸಿ, ಸುತ್ತ ಸಣ್ಣ ಜಲ್ಲಿ, ಮರಳು ತುಂಬಿ ದಿಮ್ಮಸು ಮಾಡುತ್ತಾರೆ. ನೀರು ಬಸಿದು ಹೋಗುತ್ತದೆ, ನೆಲ ಹಿಗ್ಗಿ ಕುಗ್ಗಿದಾಗ ಕಲ್ಲೂ ಜೊತೆಗೆ ಅಲುಗುತ್ತದೆ. ಕಾಂಕ್ರೀಟಿನಲ್ಲಿ ಕೂರಿಸಿದರೆ ಅಲುಗಲು ಎಡೆಯಿಲ್ಲದೆ ಸರಿಯಾಗಿ ನೆಲಮಟ್ಟದ ಗೆರೆಗೇ ಮುರಿಯುತ್ತದೆ. ಕಲ್ಲು ಸರಿಮಾಡುವ ಮುಂಚೆ ವಂಶಸ್ಥರ, ಇಲ್ಲವೇ ಊರಿನ ಸಮಾಧಿ ಸಮಿತಿಯ ಒಪ್ಪಿಗೆ ಪಡೆಯಬೇಕು. ಇದ್ದ ಸ್ಥಾನದ ಅಳತೆಯನ್ನೂ ಫೋಟೋವನ್ನೂ ಇಟ್ಟುಕೊಳ್ಳಬೇಕು.

ಬಿದ್ದ ತುಂಡನ್ನು ಗ್ಯಾರೇಜಿನಲ್ಲಿ ‘ಜೋಪಾನ’ ಮಾಡಿದರೆ ಅದು ಯಾವ ಗೋರಿಯದೆಂಬುದೇ ಮುಂದಿನವರಿಗೆ ಗೊತ್ತಾಗುವುದಿಲ್ಲ. ಮಾಂಟಿಚೆಲೊದಲ್ಲಿ ಜೆಫರ್ಸನ್ನರ ಮೊದಲ ಸ್ತಂಭವನ್ನು ಬಂದವರೆಲ್ಲ ನೆನಪಿಗೆಂದು ಚೂರು ಚೂರೇ ಒಡೆದೊಯ್ದರು. ಕೊನೆಗೆ 1882ರಲ್ಲಿ ಅಮೆರಿಕದ ಕಾಂಗ್ರೆಸ್ 10,000 ಡಾಲರ್ ಮಂಜೂರು ಮಾಡಿ ಹೊಸದನ್ನು ನಿಲ್ಲಿಸಬೇಕಾಯಿತು. ಅಳಿದುಳಿದ ಹಳೆಯ ಸ್ತಂಭ ಈಗ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿದೆ.

ಅಗೆಯುವಾಗ ಏನಾದರೂ ಸಿಕ್ಕರೆ

ಬೇಲಿಯ ಕಂಬಕ್ಕೋ ಈಜುಕೊಳಕ್ಕೋ ತೋಡುವಾಗ ಮೂಳೆ, ಪೆಟ್ಟಿಗೆಯ ಮೊಳೆಗಳ ಸಾಲು ಅಥವಾ ಆಯತಾಕಾರದ ಬೇರೆ ಬಣ್ಣದ ಮಣ್ಣು ಕಂಡರೆ ಯಂತ್ರ ಅಲ್ಲೇ ನಿಲ್ಲಬೇಕು. ಮೂಳೆ ಕಂಡರೆ ಮೊದಲ ಫೋನು ಪೊಲೀಸರಿಗೆ, ಏಕೆಂದರೆ ಅದು ಹಳೆಯದೋ ಇತ್ತೀಚಿನದೋ ಎಂದು ತೀರ್ಮಾನಿಸುವವರು ಮೆಡಿಕಲ್ ಎಗ್ಸಾಮಿನರ್, ಅಂದರೆ ಸಾವುಗಳ ತನಿಖೆ ಮಾಡುವ ಸರ್ಕಾರಿ ವೈದ್ಯರು. ಹಳೆಯದೆಂದಾದರೆ ವಿಷಯ ರಾಜ್ಯದ ಪುರಾತತ್ವ ಅಥವಾ ಐತಿಹಾಸಿಕ ಸಂಪನ್ಮೂಲ ಇಲಾಖೆಗೆ ಹೋಗುತ್ತದೆ. ಮೂಳೆಯನ್ನು ಎತ್ತಬೇಡಿ, ಒರೆಸಬೇಡಿ, ಗುಂಡಿಯನ್ನು ಮುಚ್ಚಲೂ ಬೇಡಿ. ಮಳೆ ಬರುವಂತಿದ್ದರೆ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ, ಅಧಿಕಾರಿಗಳು ಬರುವವರೆಗೆ ಹಾಗೇ ಬಿಡಿ.